ರನ್ ಮಾಡ್ಲೇನ್ರಿ

ಭುವನೇಶ್ವರಿಯನ್ನು ಕೆಲಸದಿಂದ ತೆಗೆದಿದ್ದೇವೆ, ಅದನ್ನು ಅವಳಿಗೆ ನೀನೇ ಹೇಳು, ನಿಮ್ಮ ಭಾಷೆಯಲ್ಲಿ ಹೇಳಿದರೆ ಅಷ್ಟು ನೋವಾಗಲಿಕ್ಕಿಲ್ಲ ಎಂದು ಕೇದಾರ ಮರಾಠಿಯಲ್ಲಿ ಹೇಳಿದಾಗ ಪ್ರಜ್ವಲನ ಕಣ್ಣಿಗೆ ಬಿದ್ದದ್ದು ತನ್ನ ಅಂಗಿಯ ತೋಳಿನ ಮೇಲಿದ್ದ ಚಟ್ನಿಯ ಕಲೆ. ಬೆಳಿಗ್ಗೆ ಅಪ್ಪನ ಹೋಟೆಲಿನಲ್ಲಿ ನಿಂತುಕೊಂಡೇ ಇಡ್ಲಿ ತಿಂದಿದ್ದ. ಕಲೆ ಒಣಗಿ ಅಂಚಿನಲ್ಲಿ ಹಸಿರುಗಟ್ಟಿತ್ತು. ಆ ಕೈಯನ್ನು ಮೇಜಿನ ಕೆಳಗೆ ಎಳೆದುಕೊಂಡ. ಕೇದಾರ ಅವನಿಗಿಂತ ಐದು ವರ್ಷ ಚಿಕ್ಕವನು. ಎರಡು ವರ್ಷದ ಹಿಂದೆ ಪ್ರಜ್ವಲನಿಗೆ ಬರಬೇಕಾಗಿದ್ದ ಮ್ಯಾನೇಜರ್ ಕುರ್ಚಿಯಲ್ಲಿ ಬಂದು ಕೂತವನು. ಕಲೆಯನ್ನು ಕಂಡರೂ ಕಾಣದವನಂತೆ ಇರಬಲ್ಲವನು. ಆ ಒಳ್ಳೆಯತನವನ್ನೇ ಪ್ರಜ್ವಲನಿಗೆ ಸಹಿಸಲಾಗುತ್ತಿರಲಿಲ್ಲ. ಮಧ್ಯಾಹ್ನ ಮೂರಕ್ಕೆ, ಎಚ್‌ಆರ್‌ನ ಇಂದೂ ಜೊತೆಗಿರುತ್ತಾಳೆ, ಕಾಗದ ಅವಳು ಕೊಡುತ್ತಾಳೆ, ಮಾತು ಮಾತ್ರ ನಿನ್ನದು ಎಂದ ಕೇದಾರ. ಆಮೇಲೆ, ಈ ಹುಡುಗಿಯನ್ನು ಕರೆದುಕೊಂಡು ಬಂದವನೂ ನೀನೇ ಅಲ್ಲವೇ ಎಂದು ಮೆಲ್ಲಗೆ ಸೇರಿಸಿದ. ಅದರಲ್ಲಿ ಚುಚ್ಚುಮಾತು ಇರಲಿಲ್ಲ. ಇರಲಿಲ್ಲ ಎಂಬುದು ಪ್ರಜ್ವಲನಿಗೂ ಗೊತ್ತಿತ್ತು. ಆದರೂ ತನ್ನ ಜಾಗಕ್ಕೆ ಮರಳುವ ಇಪ್ಪತ್ತು ಹೆಜ್ಜೆಗಳಲ್ಲಿ ಆ ಮಾತನ್ನು ನಾಲ್ಕು ಸಲ ತಿರುವಿ ಹಾಕಿ ಒಳಗೆ ಏನಾದರೂ ಇದೆಯೇ ಎಂದು ಹುಡುಕಿದ.

ಅವಳು ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತಿದ್ದಳು. ಎಂಟು ದಿನಗಳಿಂದ ಹಾಗೆಯೇ ಕೂತಿದ್ದಳು. ಹಿಂದಿನ ಗುರುವಾರ ಸಂಜೆಯೇ ಅವಳ ಲ್ಯಾಪ್‌ಟಾಪನ್ನು ಎತ್ತಿಕೊಂಡು ಹೋಗಿದ್ದರು, ಲಾಗಿನ್‌ಗಳನ್ನು ಮುಚ್ಚಿದ್ದರು, ವಿಚಾರಣೆ ಮುಗಿಯುವವರೆಗೆ ಆಫೀಸಿಗೆ ಬಂದು ಕೂರಬೇಕು ಎಂದಿದ್ದರು. ಅದರಂತೆ ದಿನವೂ ಒಂಬತ್ತಕ್ಕೆ ಯೆರವಡಾದಿಂದ ಬಸ್ಸು ಹಿಡಿದು ವಿಮಾನ ನಗರಕ್ಕೆ ಬಂದು, ಖಾಲಿ ಮೇಜಿನ ಮುಂದೆ ಒಂದು ನೋಟ್‌ಬುಕ್ ತೆರೆದಿಟ್ಟುಕೊಂಡು, ಸಂಜೆ ಆರಕ್ಕೆ ಅದನ್ನು ಮುಚ್ಚಿ ಹೋಗುತ್ತಿದ್ದಳು. ಮೊದಲ ದಿನ ಅಕ್ಕಪಕ್ಕದವರು ಏನಾದರೂ ಮಾತಾಡಿಸಿದರು. ಮೂರನೆಯ ದಿನಕ್ಕೆ ಅವಳಿದ್ದ ಕಡೆ ನೋಡುವುದನ್ನೇ ಬಿಟ್ಟರು. ಪ್ರಜ್ವಲ ಮಾತ್ರ ನೋಡುತ್ತಿದ್ದ, ಏಕೆಂದರೆ ಅವಳು ಅವನನ್ನು ನೋಡುತ್ತಿದ್ದಳು. ಸಿಟ್ಟಿನಿಂದಲ್ಲ. ಬಸ್ಸಿಗೆ ಕಾಯುವವರು ರಸ್ತೆಯ ತಿರುವನ್ನು ನೋಡುವಂತೆ. ಕೆಲಸಕ್ಕೆ ಸೇರಿದ ವಾರ ಇದೇ ಕಿಟಕಿಯಿಂದ ಎದುರಿನ ಹನ್ನೊಂದು ಮಹಡಿಯ ಕಟ್ಟಡ ತೋರಿಸಿ, ಅದಕ್ಕ ನಮ್ಮವ್ವ ಇಟ್ಟಂಗಿ ಹೊತ್ತಾಳ್ರಿ, ನಾ ಕೆಳಗ ಉಸುಕಿನ್ಯಾಗ ಆಡ್ತಿದ್ದೆ ಎಂದು ಎಲ್ಲರೆದುರು ಅವನಿಗೆ ಹೇಳಿದ್ದಳು. ಏನಂದಳು ಎಂದು ಕನ್ನಡ ಬಾರದ ಬೇರೆಯವರು ಕೇಳಿದಾಗ ಪ್ರಜ್ವಲ, ವ್ಯೂ ಚೆನ್ನಾಗಿದೆಯಂತೆ ಎಂದು ಅನುವಾದಿಸಿದ್ದ. ಅವಳು ನಕ್ಕು, ತಾನೇ ಮರಾಠಿಯಲ್ಲಿ ಅವ್ವ ಇಟ್ಟಿಗೆ ಹೊತ್ತ ವಿಷಯವನ್ನು ಎಲ್ಲರಿಗೂ ಹೇಳಿದ್ದಳು. ಅವಳಿಗಾಗದ ನಾಚಿಕೆ ಅವನಿಗಾಗಿತ್ತು.

ಮರೆವು ಅಪರಾಧವಲ್ಲ ಎಂದು ಅವನು ತನ್ನ ಪರದೆಯ ಮುಂದೆ ಕೂತು ಮತ್ತೆ ಹೇಳಿಕೊಂಡ. ಎಂಟು ದಿನಗಳಿಂದ ಅದನ್ನು ಇದೇ ಅನುಕ್ರಮದಲ್ಲಿ ಹೇಳಿಕೊಳ್ಳುತ್ತಿದ್ದ. ಕಂಪನಿಯದು ಆಸ್ಪತ್ರೆಗಳ ಲ್ಯಾಬ್ ವರದಿಗಳನ್ನು ಡಾಕ್ಟರುಗಳ ಪರದೆಗೆ ಮುಟ್ಟಿಸುವ ಕೆಲಸ. ಅದರ ಪ್ರೋಗ್ರಾಮುಗಳೆಲ್ಲ ಕಂಟೇನರುಗಳಲ್ಲಿ ಓಡುತ್ತವೆ. ಕಂಟೇನರ್ ಎಂದರೆ ಎಂತದು ಎಂದು ಅಪ್ಪ ಕೇಳಿದಾಗ ಡಬ್ಬಿ ಎಂದಿದ್ದ. ಒಂದೊಂದು ಡಬ್ಬಿಯಲ್ಲಿ ಒಂದೊಂದು ಪ್ರೋಗ್ರಾಮು, ಅದಕ್ಕೆ ಬೇಕಾದ ಸಾಮಾನೂ ಒಳಗೇ. ಅಂಥ ಸಾವಿರ ಡಬ್ಬಿಗಳನ್ನು ಹೊತ್ತು ನಿಂತ ಯಂತ್ರಗಳ ಗುಂಪೇ ಕ್ಲಸ್ಟರ್. ಕಂಪನಿಗೆ ಎರಡು ಕ್ಲಸ್ಟರುಗಳು. ಒಂದು ಪರೀಕ್ಷೆ ಮಾಡಿ ನೋಡಲಿಕ್ಕೆ, ಇನ್ನೊಂದು ಅಸಲಿ, ಆಸ್ಪತ್ರೆಗಳದ್ದು. ಪರೀಕ್ಷೆಯ ಕ್ಲಸ್ಟರಿನಲ್ಲಿ ಹಳೆಯ ಡಬ್ಬಿಗಳ ಖಾನೆಗಳು ತುಂಬಿಕೊಂಡು, ಅವನ್ನು ಪ್ರತಿ ತಿಂಗಳೂ ಯಾರಾದರೂ ಒಂದೊಂದಾಗಿ ಅಳಿಸಬೇಕಿತ್ತು. ಭುವನೇಶ್ವರಿ ಸೇರಿದ ಐದನೆಯ ತಿಂಗಳಿಗೆ ಅದಕ್ಕೊಂದು ಪುಟ್ಟ ಪ್ರೋಗ್ರಾಮು ಬರೆದಳು. ಕ್ಲಸ್ಟರಿನ ಜೊತೆ ಮಾತಾಡಲಿಕ್ಕೆಂದೇ ಸಿದ್ಧವಿರುವ ಒಂದು ಪೈಥಾನ್ ಲೈಬ್ರರಿ ಇದೆ. ಖಾನೆಗಳ ಪಟ್ಟಿ ಕೊಡು ಎಂದರೆ ಕೊಡುತ್ತದೆ, ಇದನ್ನು ಅಳಿಸು ಎಂದರೆ ಅಳಿಸುತ್ತದೆ. ಅವಳು ಬರೆದದ್ದು ನಲವತ್ತು ಸಾಲು: ಯಾವ ಖಾನೆಗೆ ‘ಕೀಪ್’, ಅಂದರೆ ಇರಲಿ, ಎಂಬ ಲೇಬಲ್ ಇಲ್ಲವೋ ಅದನ್ನು ತೆಗೆ. ಆ ಲೈಬ್ರರಿಯದ್ದು ಒಂದು ಅಭ್ಯಾಸ. ಯಾವ ಕ್ಲಸ್ಟರ್ ಎಂದು ನೀವು ಬಾಯಿಬಿಟ್ಟು ಹೇಳದಿದ್ದರೆ, ಆ ಲ್ಯಾಪ್‌ಟಾಪಿನಲ್ಲಿ ಕೊನೆಯದಾಗಿ ಯಾವುದನ್ನು ಆರಿಸಿದ್ದರೋ ಅದನ್ನೇ ಹಿಡಿದುಕೊಳ್ಳುತ್ತದೆ. ತಿರುಗಿ ಕೇಳುವುದಿಲ್ಲ. ಆ ಗುರುವಾರ ಅವಳು ಮೊದಲು ಬರೀ ಪಟ್ಟಿ ತೋರಿಸುವ ಹಾಗೆ ಓಡಿಸಿ, ನಲವತ್ತೊಂದು ಹಳೆಯ ಖಾನೆಗಳ ಹೆಸರನ್ನು ಅವನಿಗೆ ತೋರಿಸಿ, ಎಲ್ಲ ಸರಿಯಿದೆ ಎಂದ ಮೇಲೆ ಚಹಾಕ್ಕೆ ಹೋದಳು. ಅವನ ಲ್ಯಾಪ್‌ಟಾಪು ಅಪ್‌ಡೇಟ್ ಆಗುತ್ತ ಕೂತಿತ್ತು. ಅಸಲಿಯಲ್ಲಿ ಒಂದು ವರದಿ ಸಿಕ್ಕಿಕೊಂಡಿದೆಯೇ ನೋಡು ಎಂದು ಕೇದಾರನ ಫೋನು ಬಂತು. ಅವನು ಅವಳ ಕುರ್ಚಿಯಲ್ಲಿ ಕೂತು, ಕ್ಲಸ್ಟರನ್ನು ಅಸಲಿಗೆ ತಿರುಗಿಸಿ, ನೋಡಿದ, ಏನೂ ಸಿಕ್ಕಿಕೊಂಡಿರಲಿಲ್ಲ. ಮತ್ತೆ ಪರೀಕ್ಷೆಯದಕ್ಕೆ ತಿರುಗಿಸುವುದನ್ನು ಮರೆತ. ಅವಳು ಬಂದಳು, ಅವನು ಎದ್ದ, ಅವಳು ಓಡಿಸಿದಳು. ಅಸಲಿಯಲ್ಲಿ ಯಾರೂ ಯಾವತ್ತೂ ‘ಕೀಪ್’ ಲೇಬಲ್ ಅಂಟಿಸಿರಲಿಲ್ಲ, ಅಲ್ಲಿ ಕಸ ಗುಡಿಸುವ ಪ್ರಶ್ನೆಯೇ ಇರಲಿಲ್ಲವಲ್ಲ. ಎಲ್ಲ ಹೋಯಿತು. ಎರಡು ಗಂಟೆ ಹತ್ತು ನಿಮಿಷ ಹತ್ತೊಂಬತ್ತು ಆಸ್ಪತ್ರೆಗಳ ಪರದೆಗಳು ಬಿಳಿಯಾಗಿದ್ದವು. ಇಷ್ಟೇ ನಡೆದದ್ದು. ಮರೆತದ್ದು.

ಆ ದಿನದಿಂದ ಮೂರು ದಿನ ಅವನು ಮರಾಠಿ, ಇಂಗ್ಲಿಷ್ ಪತ್ರಿಕೆಗಳನ್ನೆಲ್ಲ ಫೋನಿನಲ್ಲಿ ಜಾಲಾಡಿದ್ದ. ವರದಿ ಸಿಗದೆ ಯಾರಾದರೂ ಸತ್ತರೇ? ಯಾರೂ ಸತ್ತಿರಲಿಲ್ಲ. ಒಂದು ಆಸ್ಪತ್ರೆಯವರು ವರದಿಗಳನ್ನು ಕೈಯಲ್ಲಿ ಬರೆದು ಮಹಡಿಯಿಂದ ಮಹಡಿಗೆ ಓಡಿದರಂತೆ, ಇನ್ನೊಂದರಲ್ಲಿ ಎರಡು ಶಸ್ತ್ರಚಿಕಿತ್ಸೆ ಮರುದಿನಕ್ಕೆ ಹೋದವಂತೆ. ಅಷ್ಟೆ. ಯಾರಾದರೂ ಸತ್ತಿದ್ದರೆ ತಾನು ಬಾಯಿ ಬಿಡುತ್ತಿದ್ದೆ ಎಂದು ಅವನು ನಂಬಿದ್ದ. ಹಾಗೆ ನಂಬಿ, ಸಾಯದೆ ಉಳಿದವರ ಮೇಲೆ ಒಂದು ಬಗೆಯ ಕೃತಜ್ಞತೆಯನ್ನೂ ಇಟ್ಟುಕೊಂಡಿದ್ದ. ಕೇದಾರನಿಗೂ ವಿಚಾರಣೆ ಆಳಕ್ಕೆ ಇಳಿಯುವುದು ಬೇಕಿರಲಿಲ್ಲ. ಅಸಲಿ ಕ್ಲಸ್ಟರಿನಲ್ಲಿ ಅಳಿಸುವ ಅಧಿಕಾರ ಹೊಸಬಳೊಬ್ಬಳ ಲಾಗಿನ್‌ಗೆ ಇರಲೇಬಾರದಿತ್ತು. ಹಿಂದಿನ ತಿಂಗಳು ಯಾವುದೋ ತುರ್ತಿಗೆ ಅದನ್ನು ಕೊಟ್ಟು ಹಿಂತೆಗೆಯದೆ ಬಿಟ್ಟದ್ದು ಕೇದಾರನ ಸಹಿಯಿಂದ. ದಾಖಲೆಯಲ್ಲಿ ಇದ್ದದ್ದು ಒಂದೇ ಹೆಸರು. ಇಂಥ ಹೊತ್ತಿಗೆ, ಇಂಥ ಲ್ಯಾಪ್‌ಟಾಪಿನಿಂದ, ಭುವನೇಶ್ವರಿ. ಅಷ್ಟು ಸಾಕಾಗಿತ್ತು ಎಲ್ಲರಿಗೂ.

ಅವಳು ಮಾನಮ್ಮನ ಮಗಳು. ವಡಗಾವ ಶೇರಿಯಲ್ಲಿ ಅಪ್ಪ ರಘುರಾಮ ಶೆಟ್ಟರ ಹೋಟೆಲಿನ ಹಿಂಬದಿಯ ಅಡುಗೆಮನೆಯಲ್ಲಿ ಮಾನಮ್ಮ ಹದಿನಾಲ್ಕು ವರ್ಷದಿಂದ ತರಕಾರಿ ಹೆಚ್ಚುತ್ತಾಳೆ. ಯಾದಗಿರಿ ಕಡೆಯಿಂದ ಗಂಡ ಶಂಕ್ರೆಪ್ಪನ ಜೊತೆ ಕಟ್ಟಡದ ಕೆಲಸಕ್ಕೆ ಬಂದು, ಸೊಂಟ ಬಿದ್ದುಹೋದ ಮೇಲೆ ಈಳಿಗೆಯ ಮುಂದೆ ಕೂತವಳು. ಮಗಳು ಇಂಜಿನಿಯರಿಂಗ್ ಮುಗಿಸಿದ ದಿನ ಮಾನಮ್ಮ ಅಪ್ಪ ದುಡ್ಡು ಎಣಿಸುವ ಗಲ್ಲೆಯ ಮುಂದೆ ಬಂದು ನಿಂತಳು. ಒಳಗಿನವರು ಯಾರೂ ಗಲ್ಲೆಯವರೆಗೆ ಬರುವ ಪದ್ಧತಿಯಿಲ್ಲ. ಅಪ್ಪ ಪ್ರಜ್ವಲನಿಗೆ ಫೋನು ಮಾಡಿ, ಇವಳ ಮಗಳಿಗೊಂದು ಕೆಲಸ ನೋಡು ಮಾರಾಯ, ಪುಣ್ಯ ಉಂಟು ಎಂದರು. ಕೆಲಸ ಕೊಡಿಸಿದ್ದು ಅವನೇನೂ ಅಲ್ಲ. ಅರ್ಜಿಯನ್ನು ಒಂದು ಮೇಜಿನಿಂದ ಇನ್ನೊಂದಕ್ಕೆ ದಾಟಿಸಿದ್ದ. ಪರೀಕ್ಷೆ, ಸಂದರ್ಶನ ಎಲ್ಲ ಅವಳೇ ಗೆದ್ದಿದ್ದಳು. ಆದರೂ ಹೋಟೆಲಿನಲ್ಲಿ ಕೊಡಿಸಿದವನು ಅವನೇ ಎಂದಾಗಿತ್ತು, ಅವನೂ ತಿದ್ದಿರಲಿಲ್ಲ. ಮೊದಲ ತಿಂಗಳು ಮಾನಮ್ಮ ಜೇಜುರಿಗೆ ಹೋಗಿ ಖಂಡೋಬನ ಭಂಡಾರದ ಪೊಟ್ಟಣ ತಂದಳು. ಮಗಳು ಅದನ್ನು ಆಫೀಸಿಗೆ ತಂದು ಎರಡೂ ಕೈಯಲ್ಲಿ, ಅಣ್ಣಾ, ಅವ್ವ ಕೊಟ್ಟಾಳ್ರಿ ಎಂದು ಅವನ ಮುಂದೆ ಹಿಡಿದಳು. ಇಡೀ ಸಾಲು ತಿರುಗಿ ನೋಡಿತು. ಅವನು ಪೊಟ್ಟಣವನ್ನು ಡ್ರಾಯರಿಗೆ ಹಾಕಿ, ಇಲ್ಲಿ ಸರ್ ಎನ್ನು ಎಂದ, ದನಿ ತಗ್ಗಿಸಿ. ಪಕ್ಕದಲ್ಲಿದ್ದ ಕೇದಾರ ತಾನೇ ಕೈ ನೀಡಿ, ನಮ್ಮ ಮನೆದೇವರು, ನನಗೂ ಕೊಡು ಎಂದು ಚಿಟಿಕೆ ಅರಿಶಿನ ಹಣೆಗೆ ಹಚ್ಚಿಕೊಂಡ. ಸಂಜೆಯವರೆಗೆ ಅದನ್ನು ಒರೆಸಲೂ ಇಲ್ಲ.

ಅದು ಕೂಡ ದೊಡ್ಡ ವಿಷಯವಲ್ಲ. ಮಾರ್ಚಿನ ಆ ಮೀಟಿಂಗು ಬೇರೆ. ಪ್ರಜ್ವಲ ತಾನು ಬರೆದ ಒಂದು ಪ್ರೋಗ್ರಾಮನ್ನು ಗೋಡೆಯ ಪರದೆಯ ಮೇಲೆ ವಿವರಿಸುತ್ತಿದ್ದ, ಅದೇ ಲೈಬ್ರರಿ ಬಳಸಿ ಬರೆದದ್ದು, ಕೆಟ್ಟುಹೋದ ಡಬ್ಬಿಗಳನ್ನು ಹುಡುಕಿ ಎಬ್ಬಿಸುವಂಥದ್ದು. ಹನ್ನೆರಡು ಜನ ಕೂತಿದ್ದರು. ಹಿಂದಿನ ಸಾಲಿನಿಂದ ಅವಳು ಕೈಯೆತ್ತಿದಳು. ಇಂಗ್ಲಿಷಿನಲ್ಲಿ ಶುರು ಮಾಡಿ, ಅವನ ಮುಖ ನೋಡಿ, ಅವನೊಬ್ಬನಿಗೇ ತಿಳಿಯಲಿ ಎಂದೋ ಏನೋ ಕನ್ನಡಕ್ಕೆ ಹೊರಳಿದಳು. “ಸರ್, ಆ ಲೇಬಲ್ ಖಾಲಿ ಬಂದ್ರ ಲೈಬ್ರರಿ ಏನೂ ಇಲ್ಲ ಅನ್ನಲ್ರಿ, ಎಲ್ಲಾನೂ ಕೊಡ್ತದ.” ಅವನು ಇಲ್ಲ ಎಂದ. ಅವಳು ಕೈಯಿಳಿಸಿದಳು. ಆದರೆ ಕೇದಾರ ಏನದು ಎಂದು ಕೇಳಿದ, ಅವಳು ಹೇಳಬೇಕಾಯಿತು, ಅಲ್ಲೇ ಮಾಡಿ ನೋಡಿದರು, ಅವಳು ಹೇಳಿದಂತೆಯೇ ಕೆಟ್ಟದ್ದು ಒಳ್ಳೆಯದ್ದು ಎನ್ನದೆ ಎಲ್ಲ ಡಬ್ಬಿಗಳೂ ಪಟ್ಟಿಗೆ ಬಂದವು. ಕೇದಾರ ನಕ್ಕು, ಸದ್ಯ, ಅಣ್ಣನ ದೋಸೆ ಕಾವಲಿಗೆ ಹತ್ತುವ ಮೊದಲೇ ಎತ್ತಿದೆವು ಎಂದ. ಈ ಊರಿನಲ್ಲಿ ದೋಸೆ ಹೋಟೆಲಿನವರೆಲ್ಲ ಅಣ್ಣಂದಿರೇ. ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಹೊರಗೆ ಬಂದ ಮೇಲೆ, ಸಾರಿ ಸರ್, ನಾ ನಿಮಗೊಬ್ಬರಿಗೇ ಹೇಳ್ಬೇಕಂತ ಮಾಡಿದ್ದೆ ಎಂದಳು. ಅವನು ಬೆನ್ನು ತಟ್ಟಿ ಒಳ್ಳೆಯದಾಯ್ತು ಎಂದ. ಆ ದಿನ ಮನೆಗೆ ಹೋಗಿ ಹೆಂಡತಿ ಶರಣ್ಯಾಳ ಮೇಲೆ ಸಾರಿಗೆ ಉಪ್ಪು ಸಾಲದು ಎಂದು ಕಿರುಚಿದ. ಉಪ್ಪು ಸರಿಯಾಗಿಯೇ ಇತ್ತು.

ಒಂದು ಗಂಟೆಗೆ ಕ್ಯಾಂಟೀನಿನಲ್ಲಿ ತಟ್ಟೆಯ ಮುಂದೆ ಕೂತಾಗ ಅವನಿಗೆ ಊಟ ಸೇರಲಿಲ್ಲ. ಮೊದಲೇ ಯಾಕೆ ಹೇಳಲಿಲ್ಲ ಎಂದಲ್ಲ, ಇನ್ನೂ ಎರಡು ಗಂಟೆ ಇದೆಯಲ್ಲ ಎಂಬುದೇ ಅವನನ್ನು ಹಿಂಸಿಸುತ್ತಿತ್ತು. ಎರಡು ಗಂಟೆ ಇರುವವರೆಗೆ ಹೇಳಬಹುದು. ಎದ್ದು ಹೋಗಿ ಕೇದಾರನ ಬಾಗಿಲು ತಟ್ಟಿ, ಆ ದಿನ ಕ್ಲಸ್ಟರ್ ತಿರುಗಿಸಿದ್ದು ನಾನು ಎಂದರೆ ಆಯಿತು. ಅವನ ಕೆಲಸವೇನೂ ಹೋಗುವುದಿಲ್ಲ, ಹನ್ನೊಂದು ವರ್ಷದವನು, ಒಂದು ಎಚ್ಚರಿಕೆಯ ಪತ್ರ, ಒಂದು ವರ್ಷ ತಲೆ ತಗ್ಗಿಸಿ ಓಡಾಟ. ಕೇದಾರ ಬೈಯುವುದೂ ಇಲ್ಲ. ಹೇಳಿದ್ದು ಒಳ್ಳೆಯದಾಯ್ತು ಎಂದು ಭುಜದ ಮೇಲೆ ಕೈಯಿಡುತ್ತಾನೆ. ಅದನ್ನು ನೆನೆದೊಡನೆ ಪ್ರಜ್ವಲನ ಭುಜ ತಾನಾಗಿ ಹಿಂದೆ ಸರಿಯಿತು. ಮರೆತೆ ಎಂದರೆ ನಂಬುತ್ತಾರೆ. ನಂಬಬಾರದು ಎನ್ನುವಂಥದ್ದು ಒಂದಿದೆ ಎಂಬುದು ಅವನೊಬ್ಬನಿಗೇ ಗೊತ್ತಿತ್ತು. ಆ ಗುರುವಾರ ಚಹಾ ಮುಗಿಸಿ ಅವಳು ಬಂದಾಗ ಅವನು ಎದ್ದು ಅವಳ ಕುರ್ಚಿಯ ಹಿಂದೆ ನಿಂತಿದ್ದ. ಅವಳು ಕೂತಳು. ಪರದೆಯ ಮೂಲೆಯಲ್ಲಿ, ಕ್ಲಸ್ಟರಿನ ಹೆಸರು ತೋರುವ ಜಾಗದಲ್ಲಿ, ಅಸಲಿಯ ಹೆಸರಿತ್ತು. ಚಿಕ್ಕ ಅಕ್ಷರ. ಅವಳು ನೋಡಲಿಲ್ಲ; ಈಗಷ್ಟೇ ಪಟ್ಟಿ ನೋಡಿ ಎದ್ದುಹೋದವಳು ಯಾಕೆ ನೋಡುತ್ತಾಳೆ. ಅವನು ನೋಡಿದ. ನೋಡಿದ್ದು ಹೌದು. ಎಂಟು ದಿನ ಇದನ್ನು ನೋಡಿರಲಿಕ್ಕಿಲ್ಲ ಎಂದುಕೊಂಡಿದ್ದ, ಈಗ ತಣ್ಣಗಾದ ಅನ್ನದ ಮುಂದೆ ಅದು ಸುಮ್ಮನೆ ಎದುರು ಬಂದು ನಿಂತಿತು. ಬಾಯಿ ತೆರೆದಿದ್ದ. ಅಷ್ಟರಲ್ಲಿ ಅವಳು ಕುತ್ತಿಗೆ ತಿರುಗಿಸದೆ ಕೇಳಿದಳು: “ರನ್ ಮಾಡ್ಲೇನ್ರಿ ಸರ್?” ಲೈಬ್ರರಿ ಕೇಳುವುದಿಲ್ಲ, ಅವಳು ಕೇಳಿದಳು. ಅವಳ ಹಿಂಗತ್ತಿನಲ್ಲಿ, ಜಡೆ ಎತ್ತಿ ಕಟ್ಟಿದ್ದ ಕಡೆ, ಒಂದು ಸಣ್ಣ ಬೆವರುಸಾಲೆಯ ಗುಳ್ಳೆ ಇತ್ತು. ಒಂದೇ ಒಂದು ಸಲ, ಎಂದು ಅವನಿಗೆ ಅನ್ನಿಸಿತು. ಒಂದೇ ಸಲ ಇವಳದು ತಪ್ಪಾಗಲಿ. ಏನಾಗುತ್ತದೆಂದು ಅವನು ಪೂರ್ತಿ ಲೆಕ್ಕ ಹಾಕಿರಲಿಲ್ಲ. ಹಾಕುವಷ್ಟು ಹೊತ್ತು ಬೇಕೆಂದೇ ನಿಲ್ಲಲಿಲ್ಲ. ಹ್ಞೂಂ ಎಂದ.

ಮೂರಕ್ಕೆ ಐದು ನಿಮಿಷ ಇರುವಾಗ ಇಂದೂ ಅವಳನ್ನು ಗಾಜಿನ ಕೋಣೆಗೆ ಕರೆದಳು. ಹೊರಗಿನ ಸಾಲುಗಳಲ್ಲಿ ಕೀಬೋರ್ಡುಗಳ ಸದ್ದು ತಗ್ಗಿತು. ಇಂದೂ ಲಕೋಟೆಯನ್ನು ಮೇಜಿನ ಮೇಲಿಟ್ಟು ಫೋನು ನೋಡತೊಡಗಿದಳು. ಅವಳಿಗೆ ಕನ್ನಡ ಬರದು. ಪ್ರಜ್ವಲ ಸಿದ್ಧಪಡಿಸಿಕೊಂಡು ಬಂದ ವಾಕ್ಯಗಳಿದ್ದವು. ನೋಡು, ಕಂಪನಿಯವರು ತೀರ್ಮಾನ ಮಾಡಿದ್ದಾರೆ, ಇದು ನಿನ್ನ ಬುದ್ಧಿವಂತಿಕೆಯ ಮಾತಲ್ಲ, ಆಸ್ಪತ್ರೆಗಳಿಗೆ ಉತ್ತರ ಕೊಡಬೇಕಲ್ಲ, ಬೇರೆ ಕಡೆ ನಾನೂ ನೋಡುತ್ತೇನೆ. ಹೇಳುತ್ತ ಹೋದಂತೆ ತನ್ನ ಕನ್ನಡ ಅಪ್ಪ ಕೆಲಸದವರನ್ನು ಕಳಿಸುವಾಗಿನ ಕನ್ನಡದಂತೆಯೇ ಕೇಳಿಸುತ್ತಿರುವುದು ಅವನಿಗೆ ತಿಳಿಯಿತು. ಅದೇ ಮೃದುತನ, ಅದೇ ಎಳೆದ ರಾಗ. ಅವಳು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು. ಅಳಲಿಲ್ಲ. ಅವನು ಮುಗಿಸಿದ ಮೇಲೂ ಮುಗಿದಿಲ್ಲವೇನೋ ಎಂಬಂತೆ ನೋಡುತ್ತಿದ್ದಳು. ಆಮೇಲೆ ಕೇಳಿದಳು.

“ಅಷ್ಟೇ ಏನ್ರಿ ಸರ್?”

ಅಷ್ಟೇ ಎಂದ.

“ನೀವೇ ಹೇಳ್ತೀರಂತ ಕಾಯ್ಕೋತ ಕುಂತಿದ್ದೆ ನಾ. ಎಂಟು ದಿನ. ಇವತ್ತ ಹೇಳ್ತಾರ, ನಾಳಿಗಿ ಹೇಳ್ತಾರ ಅಂತ.”

ಇಂದೂ ಫೋನಿನಿಂದ ತಲೆಯೆತ್ತಿ, ಏನಂತೆ ಎಂದು ಮರಾಠಿಯಲ್ಲಿ ಕೇಳಿದಳು. ತುಂಬ ಬೇಸರವಾಗಿದೆಯಂತೆ ಎಂದು ಪ್ರಜ್ವಲ ಹೇಳಿದ. ಭುವನೇಶ್ವರಿ ಅವನ ಮರಾಠಿಯನ್ನು ಕೇಳಿಸಿಕೊಂಡಳು. ಅವಳ ಮರಾಠಿ ಅವನದಕ್ಕಿಂತ ಚೆನ್ನಾಗಿತ್ತು; ಈಗ ಬಾಯಿ ತೆರೆದರೆ ಇಂದೂಗೆ ಎಲ್ಲ ಹೇಳಬಲ್ಲಳು. ಆದರೆ ಹೇಳಿದರೂ ಪ್ರಯೋಜನವಾಗದಂತೆ ಅವನೇ ಮೊದಲೇ ನೋಡಿಕೊಂಡಿದ್ದ. ವಿಚಾರಣೆಯ ಎರಡನೆಯ ದಿನ ಕಾರಿಡಾರಿನಲ್ಲಿ ನಿಂತು, ಏನೂ ವಾದ ಮಾಡಬೇಡ, ನನ್ನಿಂದ ತಪ್ಪಾಯಿತು ಎಂದು ಬರೆದು ಸಹಿ ಮಾಡಿಬಿಡು, ಮುಂದಿನದನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಹೇಳಿಕೊಟ್ಟವನು ಅವನು. ಅವಳು ಬರೆದು ಸಹಿ ಮಾಡಿದ್ದಳು. ಆ ಕಾಗದ ಲಕೋಟೆಯೊಳಗೇ ಇತ್ತು. ಲ್ಯಾಪ್‌ಟಾಪಿನಲ್ಲಿದ್ದದ್ದನ್ನೆಲ್ಲ ಆ ವಾರವೇ ಅಳಿಸಿ ಅದನ್ನು ಬೇರೆ ಯಾರಿಗೋ ಕೊಟ್ಟಾಗಿತ್ತು. ಇದೆಲ್ಲ ಅವಳ ಕಣ್ಣಿನಲ್ಲಿ ಒಂದರ ಹಿಂದೆ ಒಂದಾಗಿ ಕೂಡಿಕೊಳ್ಳುವುದನ್ನು ಅವನು ಎದುರು ಕೂತು ನೋಡಿದ. ಅವಳು ಚುರುಕಿನವಳು, ಬಹಳ ಹೊತ್ತು ಹಿಡಿಯಲಿಲ್ಲ. ಲಕೋಟೆ ತೆಗೆದುಕೊಂಡು ನೋಟ್‌ಬುಕ್ಕಿನೊಳಗಿಟ್ಟು ಎದ್ದಳು. ಬಾಗಿಲ ಬಳಿ ಕೊರಳಿನ ಕಾರ್ಡು ಬಿಚ್ಚಿ ಕೊಡುವಾಗ ಅದರ ಪಟ್ಟಿ ಜಡೆಗೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲು ಅರ್ಧ ನಿಮಿಷವಾಯಿತು. ಗಾಜಿನಾಚೆ ಎಲ್ಲರೂ ನೋಡುತ್ತಿದ್ದರು. ಇಂದೂ ನೆರವಾಗಲು ಎದ್ದಳು. ಅವನು ಏಳಲಿಲ್ಲ.

ಸಂಜೆ ಆರೂವರೆಗೆ ಅವನು ಸ್ಕೂಟರನ್ನು ಮನೆಯ ಕಡೆ ತಿರುಗಿಸದೆ ಹೋಟೆಲಿಗೆ ಬಂದ. ಯಾಕೆಂದು ಅವನಿಗೆ ಸರಿಯಾಗಿ ಗೊತ್ತಿರಲಿಲ್ಲ; ಮಧ್ಯಾಹ್ನ ಉಂಡಿರಲಿಲ್ಲ, ಹಸಿವಾಗಿತ್ತು. ಇನ್ನೂ ಬೆಳಕಿತ್ತು. ಹೋಟೆಲು ತುಂಬಿತ್ತು. ಗಲ್ಲೆಯಲ್ಲಿ ಅಪ್ಪ ಕನ್ನಡಕದ ಮೇಲಿಂದ ಅವನನ್ನು ನೋಡಿ, ಒಳಗೆ ಬಾ ಎಂಬಂತೆ ಹುಬ್ಬು ಹಾರಿಸಿ, ಹಿಂಬದಿಯ ಅಡ್ಡಬಾಗಿಲ ಕಡೆ ತೋರಿಸಿದರು. ಅಡುಗೆಮನೆಗೂ ಕೈತೊಳೆಯುವ ಜಾಗಕ್ಕೂ ನಡುವಿನ ಇಕ್ಕಟ್ಟಿನಲ್ಲಿ ಮಾನಮ್ಮ ನಿಂತಿದ್ದಳು. ಸೆರಗನ್ನು ಎರಡೂ ಭುಜ ಮುಚ್ಚುವಂತೆ ಹೊದ್ದಿದ್ದಳು. ಅವಳ ಹಿಂದೆ ಗೋಡೆಗೆ ಒರಗಿ ಭುವನೇಶ್ವರಿ, ಆಫೀಸಿನ ಬಟ್ಟೆಯಲ್ಲೇ, ನೋಟ್‌ಬುಕ್ ಎದೆಗೊತ್ತಿಕೊಂಡು. ಬರಲು ಅವಳಿಗೆ ಮನಸ್ಸಿರಲಿಲ್ಲ, ತಾಯಿ ಕೈಹಿಡಿದು ಎಳೆತಂದಿದ್ದಾಳೆ ಎಂಬುದು ಅವಳು ನಿಂತ ರೀತಿಯಲ್ಲೇ ಕಾಣುತ್ತಿತ್ತು. ಪ್ರಜ್ವಲ ಹಿಂದೆ ತಿರುಗಬಹುದಿತ್ತು. ಅಪ್ಪ ಗಲ್ಲೆಯನ್ನು ಮಾಣಿಗೆ ಬಿಟ್ಟು ಬಂದು ಬೆನ್ನಿಗೆ ನಿಂತಿದ್ದರು.

“ಸಣ್ಣ ಸಾವ್ಕಾರ್ರ, ನಮ್ಮ ಹುಡುಗಿ ನಿಮ್ಮ ಮರ್ಯಾದಿ ತೆಗದಳ್ರಿ,” ಎಂದಳು ಮಾನಮ್ಮ. “ದವಾಖಾನಿ ಮಂದೀಗ ತ್ರಾಸ ಕೊಟ್ಟಳು. ನೀವ್ ಹಚ್ಚಿಕೊಟ್ಟ ಕೆಲಸ ಉಳಸ್ಕೊಳ್ಳಾಕ ಆಗಲಿಲ್ಲ ಅಕಿಗಿ. ಹೊಟ್ಟ್ಯಾಗ ಹಾಕ್ಕೋರ್ರಿ.” ಹೇಳಿ ಮಗಳ ಕುತ್ತಿಗೆಯ ಹಿಂದೆ ಕೈಯಿಟ್ಟು ಮುಂದಕ್ಕೆ ನೂಕಿದಳು. “ಬಗ್ಗು. ಕಾಲ್ ಹಿಡಿ ಅವರ್ದು.”

ಭುವನೇಶ್ವರಿ ಬಗ್ಗಲಿಲ್ಲ. “ಅವ್ವಾ, ಆವತ್ತ ನನ್ನ ಕುರ್ಚಿ ಮ್ಯಾಲ ಕುಂತಾವ್ರು ಇವ್ರು,” ಎಂದಳು, ಅವನನ್ನು ನೋಡದೆ, ತಾಯಿಯನ್ನೇ ನೋಡುತ್ತ, ಮಗುವಿಗೆ ಲೆಕ್ಕ ಹೇಳಿಕೊಡುವಷ್ಟು ನಿಧಾನವಾಗಿ. “ನಾ ಇವ್ರಿಗಿ ಕೇಳೀನಿ. ರನ್ ಮಾಡ್ಲೇನ್ರಿ ಅಂತ ಕೇಳೀನಿ. ಇವ್ರು ಹ್ಞೂಂ ಅಂದಾರ.”

ಮಾನಮ್ಮ ಹೊಡೆದಳು. ಈರುಳ್ಳಿ ಹೆಚ್ಚಿ ಹೆಚ್ಚಿ ಗಟ್ಟಿಯಾದ ಕೈ. ಸದ್ದು ಅಡುಗೆಮನೆಯವರೆಗೆ ಕೇಳಿ ಒಳಗೆ ಯಾರೋ ಸೌಟು ತಿರುವುವುದನ್ನು ನಿಲ್ಲಿಸಿದರು. ನೋಟ್‌ಬುಕ್ ನೆಲಕ್ಕೆ ಬಿತ್ತು. ನೀ ಮಾಡಿದ್ದನ್ನ ಅವರ ತಲಿ ಮ್ಯಾಲ ಹಾಕ್ತಿ ಏನು ಎಂದು ಕೇಳುತ್ತ ಮಾನಮ್ಮ ಎರಡನೆಯ ಸಲ ಕೈಯೆತ್ತಿದಾಗ ಅವಳ ಕಣ್ಣುಗಳು ತುಂಬಿದ್ದವು, ಮಗಳವು ಒಣಗಿದ್ದವು. ಅಂಥ ಹೊತ್ತಿನಲ್ಲಿ ಪ್ರಜ್ವಲನಿಗೆ ಆದದ್ದು ಭಯವಲ್ಲ. ಒಂದು ಬಗೆಯ ಹಗುರ. ಹೇಳಬೇಕಾದದ್ದನ್ನು ಕೊನೆಗೂ ಯಾರೋ ಹೇಳಿದ್ದರು, ಜೋರಾಗಿ, ಅವನ ಅಪ್ಪನೆದುರು, ಅವನದಲ್ಲದ ಸೀಮೆಯ ಕನ್ನಡದಲ್ಲಿ, ಮತ್ತು ಅವನಿಗೆ ಏನೂ ಆಗಿರಲಿಲ್ಲ. ಅವನು ಮುಂದೆ ಹೋಗಿ ಮಾನಮ್ಮನ ಎತ್ತಿದ ಕೈಯನ್ನು ಹಿಡಿದ.

“ಹೊಡೀಬೇಡಿ ಮಾನಮ್ಮ. ಸಣ್ಣವಳು. ತಪ್ಪು ಯಾರಿಂದಲೂ ಆಗ್ತದೆ. ನಾನು ಮನಸ್ಸಲ್ಲಿ ಇಟ್ಟುಕೊಂಡಿಲ್ಲ.”

ಆಗ ಭುವನೇಶ್ವರಿ ಆ ಸಂಜೆ ಮೊದಲ ಬಾರಿಗೆ ಅವನನ್ನು ನೇರವಾಗಿ ನೋಡಿದಳು. ಆ ಎಂಟು ದಿನದ ನೋಟ ಅದರಲ್ಲಿರಲಿಲ್ಲ, ಕಾಯುವಂಥದ್ದೇನೂ ಉಳಿದಿರಲಿಲ್ಲ. ಬಗ್ಗಿದಳು. ನೋಟ್‌ಬುಕ್ಕಿಗೆ ಬಗ್ಗಿದಳೆಂದು ಅವನು ತಿಳಿದ. ಆದರೆ ಅವಳು ಬೆರಳತುದಿಯಿಂದ ಅವನ ಒಂದು ಶೂ, ಆಮೇಲೆ ಇನ್ನೊಂದು ಶೂ ಮುಟ್ಟಿ, ಕೈಯನ್ನು ಕಣ್ಣಿಗೊತ್ತಿಕೊಳ್ಳದೆ ತನ್ನ ಬಟ್ಟೆಗೆ ಒರೆಸಿಕೊಂಡು, ನೋಟ್‌ಬುಕ್ ಎತ್ತಿಕೊಂಡು, ಹಿಂಬಾಗಿಲಿನಿಂದ ಹೋದಳು. ಮಾನಮ್ಮ ಹಿಂದೆಯೇ ಹೋಗಲು ತಿರುಗಿದವಳು, ಶೆಟ್ಟರ ಮುಖ ನೋಡಿ, ಅಡುಗೆಮನೆಯೊಳಕ್ಕೆ ಹೋದಳು. ರಾತ್ರಿಯ ತರಕಾರಿ ಇನ್ನೂ ಬಾಕಿಯಿತ್ತು.

ಇಕ್ಕಟ್ಟಿನಲ್ಲಿ ಅಪ್ಪ ಮಗ ಇಬ್ಬರೇ ಉಳಿದರು. ನಲ್ಲಿಯೊಂದು ತೊಟ್ಟಿಕ್ಕುತ್ತಿತ್ತು. ರಘುರಾಮ ಶೆಟ್ಟರು ಅದನ್ನು ಬಿಗಿ ಮಾಡಿದರು, ಬಿಗಿಯಾಗಲಿಲ್ಲ, ಬಿಟ್ಟರು. ನಲವತ್ತು ವರ್ಷ ಗಲ್ಲೆಯಲ್ಲಿ ಕೂತವರಿಗೆ ಸುಳ್ಳು ಹೇಳುವ ಮುಖ ಯಾವುದೆಂದು ಗೊತ್ತಾಗುತ್ತದೆಂದು ಅವರೇ ಹೇಳಿಕೊಳ್ಳುತ್ತಿದ್ದರು. ಅವರು ಮಗನ ಮುಖ ನೋಡದೆ ಅವನ ತೋಳಿನ ಕಡೆ ನೋಡುತ್ತ ಕೇಳಿದರು.

“ಹುಡುಗಿ ಹೇಳಿದ್ದು ಹೌದಾ?”

“ಹೌದಾದರೆ ಈಗ ಎಂತ ಮಾಡ್ತೀರಿ?” ಎಂದ ಪ್ರಜ್ವಲ.

ಕೇಳಿದ ಮೇಲೆ ಅದು ನಿಜವಾಗಿಯೂ ತನಗೆ ಬೇಕಾಗಿದ್ದ ಪ್ರಶ್ನೆಯೆಂದು ಅವನಿಗೆ ಅನ್ನಿಸಿತು. ಚಿಕ್ಕಂದಿನಲ್ಲಿ ಅಪ್ಪನ ಕೈ ಏಳುವುದನ್ನು ಕಾಯುತ್ತಿದ್ದಂತೆ ಕಾದ. ಬೀಳಲಿ ಎಂದು ಕೆನ್ನೆ ಸಿದ್ಧವಾಗಿತ್ತು. ಮುಂದೆ ಯಾರೋ ಗಿರಾಕಿ ಅಣ್ಣಾ ಎಂದು ಕರೆದ. ಅಪ್ಪ ಬಂದೆ ಎಂದು ಕೂಗಿ ಹೇಳಿದರು. ಆಮೇಲೆ, ಶರಣ್ಯಾಗೆ ಇದನ್ನೆಲ್ಲ ಹೇಳಬೇಡ ಎಂದರು. ಎರಡು ಹೆಜ್ಜೆ ಹೋಗಿ ತಿರುಗಿ, ಊಟ ಮಾಡಿದಿಯಾ ಎಂದು ಕೇಳಿದರು. ಇಲ್ಲ ಎಂದ. ಕೈ ತೊಳ್ಕೊಂಡು ಕೂತ್ಕೋ ಎಂದು ಗಲ್ಲೆಗೆ ಹೋದರು.

ಅವನು ಮನೆಯವರು ಕೂರುವ ಮೂಲೆಯ ಮೇಜಿನಲ್ಲಿ ಕೂತ. ಬಾಳೆಲೆ ಬರಲಿಲ್ಲ, ಮಾಣಿಯೂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಅಡುಗೆಮನೆಯ ಬಾಗಿಲು ತಳ್ಳಿ ಮಾನಮ್ಮ ಬಂದಳು. ಅವಳು ಗಿರಾಕಿಗಳ ನಡುವೆ ನಡೆದು ಬಂದದ್ದನ್ನು ಅವನು ಹಿಂದೆಂದೂ ನೋಡಿರಲಿಲ್ಲ. ಕೈಯಲ್ಲಿ ಸ್ಟೀಲಿನ ತಟ್ಟೆ, ಅದರಲ್ಲಿ ಕೆಲಸದವರಿಗೆಂದು ಅವಳು ಸಂಜೆ ಬಡಿಯುವ ಜೋಳದ ರೊಟ್ಟಿ, ಪುಂಡಿಸೊಪ್ಪಿನ ಪಲ್ಯ, ಒಂದು ಗುಕ್ಕು ಶೇಂಗಾ ಚಟ್ನಿ. ಮೇಜಿನ ಮೇಲಿಟ್ಟು, ಆಕಿ ತಲಿಗಿ ಹಿಡದದ, ಏನೇನೋ ಅಂತಾಳ, ನೀವ್ ಮನಸಿಗಿ ಹಚ್ಕೋಬ್ಯಾಡ್ರಿ ಎಂದಳು. ಹೋಗಲಿಲ್ಲ. ಗೋಡೆಯ ಪಕ್ಕ ಸರಿದು, ಹೊಡೆದ ಕೈಯನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡು, ಅವನು ತಿನ್ನುವುದನ್ನೇ ನೋಡುತ್ತ ನಿಂತಳು. ಅವನು ರೊಟ್ಟಿ ಮುರಿದ. ಮೊದಲ ತುತ್ತು ಗಂಟಲಲ್ಲಿ ನಿಲ್ಲುತ್ತದೆ ಎಂದುಕೊಂಡಿದ್ದ. ನಿಲ್ಲಲಿಲ್ಲ. ಪುಂಡಿಯ ಹುಳಿ ನಾಲಿಗೆಯ ಅಂಚನ್ನು ಹಿಡಿಯಿತು, ಬೆಳ್ಳುಳ್ಳಿಯ ಒಗ್ಗರಣೆ ಮೂಗಿಗೇರಿತು, ಬಾಯಲ್ಲಿ ನೀರೂರಿತು. ಇಷ್ಟು ವರ್ಷ ಇದೇ ಹೋಟೆಲಿನ ಹಿಂದೆ ಇದನ್ನು ಮಾಡುತ್ತಿದ್ದರು, ಅವನು ತಿಂದಿರಲೇ ಇಲ್ಲ. ಎರಡು ರೊಟ್ಟಿ ಮುಗಿದದ್ದು ಅವನಿಗೆ ತಿಳಿಯಲಿಲ್ಲ. ತಟ್ಟೆಯ ಅಂಚನ್ನು ಬೆರಳಿನಿಂದ ಒರೆಸಿ ತಲೆಯೆತ್ತಿ, ಇನ್ನೊಂದು ಉಂಟಾ ಎಂದು ಕೇಳಿದ.

ಮಾನಮ್ಮನ ಮುಖ ಅರಳಿತು. ಅದಾವ್ರಿ, ಬಿಸೀವು ಅದಾವ ಎನ್ನುತ್ತ ಒಳಗೆ ಓಡಿದಳು.